ಕಾಯಿಲೆ ವಾಸಿಯಾಯ್ತು, ಅಜ್ಜಿ ಯಾಕೆ ಏಳ್ತಿಲ್ಲ?

ಹೋದ ವರ್ಷ ಮಳೆಗಾಲದಲ್ಲಿ ನಮ್ಮಜ್ಜಿಗೆ ನ್ಯುಮೋನಿಯಾ ಆಗಿ ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದರು. ಸೇರಿಸುವ ಹಿಂದಿನ ವಾರದ ತನಕ ಬೆಳಗ್ಗೆ ಎದ್ದು ಅಂಗಳಕ್ಕೆ ನೀರು ಹಾಕಿ ರಂಗೋಲಿ ಬಿಡುತ್ತಿದ್ದವರು ಅವರು. ಸಂಜೆ ಒಬ್ಬರೇ ದೇವಸ್ಥಾನಕ್ಕೆ ಹೋಗಿ ಬರುತ್ತಿದ್ದರು. ಆಸ್ಪತ್ರೆಯಲ್ಲಿ ಚಿಕಿತ್ಸೆ ಚೆನ್ನಾಗಿಯೇ ಆಯಿತು. ಜ್ವರ ಇಳಿಯಿತು, ಕೆಮ್ಮು ಕಡಿಮೆಯಾಯಿತು, ಆಕ್ಸಿಜನ್ ಲೆವೆಲ್ ಸರಿಹೋಯಿತು. ಡಾಕ್ಟರ್ ನಗುತ್ತಲೇ ಮನೆಗೆ ಕಳಿಸಿದರು.

ಆದರೆ ಮನೆಗೆ ಬಂದ ಮೇಲೆ ಅಜ್ಜಿಗೆ ಮಂಚದಿಂದ ಒಬ್ಬರೇ ಏಳೋಕೆ ಆಗಲಿಲ್ಲ. ಬಚ್ಚಲುಮನೆಗೆ ಹೋಗಬೇಕಾದರೆ ಇಬ್ಬರು ಹಿಡಿದುಕೊಳ್ಳಬೇಕಾಯಿತು. ರಾತ್ರಿ ಹೊತ್ತು ನಮ್ಮನ್ನೇ ನೋಡಿ "ಯಾರಪ್ಪ ನೀನು?" ಅಂತ ಕೇಳಿದರು. ನೋಡೋಕೆ ಬಂದ ನೆಂಟರೆಲ್ಲ ಒಂದೇ ಮಾತು ಹೇಳಿದರು: "ವಯಸ್ಸಾಯ್ತಲ್ಲ, ಅರಳು ಮರಳು." ನಾವೂ ನಂಬಿದೆವು.

ಆಮೇಲೆ ಒಂದು ಪ್ರಶ್ನೆ ತಲೆ ತಿನ್ನೋಕೆ ಶುರುವಾಯಿತು. ವಯಸ್ಸು ಹನ್ನೊಂದು ದಿನದಲ್ಲಿ ಆಗುವುದಿಲ್ಲ. ನ್ಯುಮೋನಿಯಾ ಶ್ವಾಸಕೋಶದ ಕಾಯಿಲೆ, ಅದು ವಾಸಿಯಾಗಿದೆ. ಹಾಗಾದರೆ ಕಾಲಿಗೆ ಏನಾಯ್ತು? ತಲೆಗೆ ಏನಾಯ್ತು? ಇದನ್ನು ಹುಡುಕುತ್ತಾ ಓದಿದ್ದನ್ನೆಲ್ಲ ಈ ಲೇಖನದಲ್ಲಿ ಪಾಠದ ಹಾಗೆ ಜೋಡಿಸಿದ್ದೇವೆ. ನಾವು ಡಾಕ್ಟರ್‌ಗಳಲ್ಲ, ಎಂಜಿನಿಯರಿಂಗ್ ಓದುವವರು. ಆದರೆ ನಮ್ಮ ನಿಮ್ಮ ಮನೆಯಲ್ಲಿ ಯಾರಾದರೂ ಅಡ್ಮಿಟ್ ಆದರೆ ರಾತ್ರಿ ಪಕ್ಕದಲ್ಲಿ ಕೂರುವವರು ಹೆಚ್ಚಾಗಿ ನಾವೇ ಅಲ್ವಾ? ಅದಕ್ಕೇ ಇದು ನಮಗೆ ಗೊತ್ತಿರಬೇಕು.

ಇದು ಅಪರೂಪದ ಸಂಗತಿಯಲ್ಲ

ಮೊದಲು ನಮಗೆ ಆಶ್ಚರ್ಯವಾದದ್ದು, ಈ ಸಮಸ್ಯೆಗೆ ಡಾಕ್ಟರ್‌ಗಳ ಭಾಷೆಯಲ್ಲಿ ಆಗಲೇ ಹೆಸರಿದೆ ಅನ್ನೋದು. ಆಸ್ಪತ್ರೆವಾಸದಿಂದ ಬರುವ ಅಶಕ್ತತೆ ಅಂತ ಕನ್ನಡದಲ್ಲಿ ಹೇಳಬಹುದು. ಅದನ್ನು ಅಳೆಯೋಕೆ ಒಂದು ಸರಳ ಅಳತೆಗೋಲೂ ಇದೆ. ಅಮೆರಿಕದ ಸಿಡ್ನಿ ಕಾಟ್ಜ್ ಎಂಬ ವೈದ್ಯರು ಮತ್ತು ಅವರ ತಂಡ 1963ರಲ್ಲಿ ದಿನನಿತ್ಯದ ಆರು ಕೆಲಸಗಳ ಪಟ್ಟಿ ಮಾಡಿದರು: ಸ್ನಾನ ಮಾಡುವುದು, ಬಟ್ಟೆ ಹಾಕಿಕೊಳ್ಳುವುದು, ಶೌಚಕ್ಕೆ ಹೋಗುವುದು, ಮಂಚದಿಂದ ಕುರ್ಚಿಗೆ ಬರುವುದು, ಮಲಮೂತ್ರದ ಹಿಡಿತ, ಮತ್ತು ತಾನೇ ಊಟ ಮಾಡುವುದು. ಈ ಆರರಲ್ಲಿ ಎಷ್ಟನ್ನು ಬೇರೆಯವರ ಸಹಾಯ ಇಲ್ಲದೆ ಮಾಡುತ್ತಾರೆ ಅನ್ನೋದೇ ಲೆಕ್ಕ.

ಸ್ಯಾನ್ ಫ್ರಾನ್ಸಿಸ್ಕೋದ ಕೆನೆತ್ ಕೋವಿನ್ಸ್ಕಿ ಎಂಬ ವೃದ್ಧರೋಗ ತಜ್ಞರು ಮತ್ತು ಅವರ ಜೊತೆಗಾರರು 2011ರಲ್ಲಿ ಈ ವಿಷಯದ ಮೇಲೆ ಬರೆದ ಲೇಖನದ ಪ್ರಕಾರ, 70 ದಾಟಿದವರು ಕಾಯಿಲೆ ಬಂದು ಆಸ್ಪತ್ರೆ ಸೇರಿದರೆ ಅವರಲ್ಲಿ ಕನಿಷ್ಠ 30% ಮಂದಿ ಇಂಥ ಒಂದಾದರೂ ಕೆಲಸದ ಶಕ್ತಿಯನ್ನು ಹೊಸದಾಗಿ ಕಳೆದುಕೊಂಡು ಮನೆಗೆ ಹೋಗುತ್ತಾರೆ. ಅಂದರೆ ಮೂರರಲ್ಲಿ ಒಬ್ಬರ ಹತ್ತಿರ ಹತ್ತಿರ. ಕಾಯಿಲೆ ವಾಸಿಯಾದರೂ ಹೀಗೆ ಆಗಬಹುದು ಅನ್ನೋದೇ ಇಲ್ಲಿನ ವಿಶೇಷ.

2013ರಲ್ಲಿ ಯೇಲ್ ವಿಶ್ವವಿದ್ಯಾಲಯದ ಹೃದ್ರೋಗ ತಜ್ಞ ಹಾರ್ಲನ್ ಕ್ರಮ್‌ಹೋಲ್ಜ್ ಇನ್ನೊಂದು ಕಡೆಯಿಂದ ಇದನ್ನೇ ನೋಡಿದರು. ಅಮೆರಿಕದಲ್ಲಿ ಸರ್ಕಾರಿ ವಿಮೆ ಇರುವ ಹಿರಿಯ ರೋಗಿಗಳಲ್ಲಿ ಸುಮಾರು ಐದರಲ್ಲಿ ಒಬ್ಬರು ಡಿಸ್ಚಾರ್ಜ್ ಆದ 30 ದಿನದೊಳಗೆ ಮತ್ತೆ ಆಸ್ಪತ್ರೆಗೆ ಬರುತ್ತಿದ್ದರು. ಅದೂ ಬಹಳ ಸಲ ಮೊದಲಿನ ಕಾಯಿಲೆಗಲ್ಲ, ಬೇರೆ ಕಾರಣಕ್ಕೆ. ಹೃದಯದ ತೊಂದರೆ ಅಂತ ಸೇರಿದ್ದವರು ಬಿದ್ದು ಬರುತ್ತಾರೆ, ಅಥವಾ ಇನ್ಯಾವುದೋ ಸೋಂಕು ಆಗಿ ಬರುತ್ತಾರೆ. ಆಸ್ಪತ್ರೆಯ ದಿನಗಳೇ ಮೈಯನ್ನು ಬರಿದು ಮಾಡಿ ಕಳಿಸಿರುತ್ತವೆ ಅನ್ನೋದು ಅವರ ವಾದ. ನಿದ್ದೆ ಇಲ್ಲ, ಊಟ ಸರಿ ಇಲ್ಲ, ನೋವು, ಗಾಬರಿ, ಓಡಾಟ ಇಲ್ಲ. ಇದಕ್ಕೆ ಅವರು ಆಸ್ಪತ್ರೆಯ ನಂತರದ ಸಿಂಡ್ರೋಮ್ ಅಂತ ಹೆಸರಿಟ್ಟರು.

ನಮ್ಮ ವಯಸ್ಸಿನ ಐದು ಹುಡುಗರು

ಇಷ್ಟು ಓದಿ "ಇದೆಲ್ಲ ವಯಸ್ಸಾದವರ ಸಮಸ್ಯೆ ಬಿಡು" ಅಂತ ಅನ್ನಿಸಬಹುದು. ಅದಕ್ಕೆ ಈ ಕಥೆ ಹೇಳಲೇಬೇಕು.

1966ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ ಒಂದು ಪ್ರಯೋಗ ನಡೆಯಿತು. ಸುಮಾರು 20 ವರ್ಷದ, ಪೂರ್ತಿ ಆರೋಗ್ಯವಾಗಿದ್ದ ಐದು ಹುಡುಗರನ್ನು ಮೂರು ವಾರ ಹಾಸಿಗೆಯಲ್ಲೇ ಮಲಗಿಸಿದರು. ಅವರಿಗೆ ಜ್ವರ ಇಲ್ಲ, ಸೋಂಕು ಇಲ್ಲ, ಆಪರೇಷನ್ ಆಗಿಲ್ಲ. ಬರೀ ಮಲಗುವುದು ಅಷ್ಟೇ. ಮೂರು ವಾರ ಆದ ಮೇಲೆ ಅವರ ದೇಹ ಒಂದು ನಿಮಿಷಕ್ಕೆ ಗರಿಷ್ಠ ಎಷ್ಟು ಆಕ್ಸಿಜನ್ ಬಳಸಬಲ್ಲದು ಅಂತ ಅಳೆದರು. ಈ ಅಳತೆ ಒಂಥರಾ ನಮ್ಮ ದೇಹದ ಎಂಜಿನ್ ಕೆಪಾಸಿಟಿ ಇದ್ದ ಹಾಗೆ. ಅದು ಕಾಲು ಭಾಗಕ್ಕಿಂತ ಹೆಚ್ಚು ಬಿದ್ದುಹೋಗಿತ್ತು.

ಮೂವತ್ತು ವರ್ಷ ಬಿಟ್ಟು ಅದೇ ಐದು ಜನರನ್ನು ಮತ್ತೆ ಕರೆದು ಅಳೆದರು. ಆಗ ಅವರಿಗೆ ಐವತ್ತು ದಾಟಿತ್ತು, ತೂಕ ಏರಿತ್ತು. ಆದರೂ ಮೂವತ್ತು ವರ್ಷದಲ್ಲಿ ಕಳೆದುಕೊಂಡ ಸಾಮರ್ಥ್ಯ ಅಂದು ಮೂರು ವಾರದಲ್ಲಿ ಕಳೆದುಕೊಂಡದ್ದಕ್ಕಿಂತ ಕಡಿಮೆಯೇ ಇತ್ತು! ಮೂವತ್ತು ವರ್ಷದ ವಯಸ್ಸಿಗಿಂತ ಮೂರು ವಾರದ ಹಾಸಿಗೆ ಹೆಚ್ಚು ಕೆಟ್ಟದ್ದು ಮಾಡಿತ್ತು.

ಕಥೆಯಲ್ಲಿ ಒಳ್ಳೇ ಭಾಗವೂ ಇದೆ. ಆ ಮೂರು ವಾರದ ನಷ್ಟವನ್ನು ಹುಡುಗರು ನಂತರದ ಎರಡು ತಿಂಗಳ ವ್ಯಾಯಾಮದಲ್ಲಿ ತುಂಬಿಕೊಂಡಿದ್ದರು. ಐವತ್ತು ದಾಟಿದ ಮೇಲೂ ಆರು ತಿಂಗಳ ತರಬೇತಿಯಿಂದ ತಮ್ಮ ಇಪ್ಪತ್ತನೇ ವಯಸ್ಸಿನ ಮಟ್ಟಕ್ಕೆ ವಾಪಸ್ ಬಂದರು. ಹೋದದ್ದು ಬರುತ್ತೆ, ಆದರೆ ಹೋಗುವಷ್ಟು ಬೇಗ ಬರಲ್ಲ.

ಕನ್ನಡದಲ್ಲಿ "ಹಾಸಿಗೆ ಹಿಡಿದರು" ಅಂತೀವಿ. ಇದನ್ನು ಓದಿದ ಮೇಲೆ ನಮಗೆ ಅನ್ನಿಸಿದ್ದು, ಹಾಸಿಗೆಯೂ ವಾಪಸ್ ಹಿಡಿಯುತ್ತೆ ಅಂತ. ಹೊಸ ವಿಷಯವೇನಲ್ಲ ಇದು. 1947ರಲ್ಲೇ ಲಂಡನ್ನಿನ ವೈದ್ಯ ರಿಚರ್ಡ್ ಆಶರ್ ಹಾಸಿಗೆಯ ಅಪಾಯಗಳ ಬಗ್ಗೆಯೇ ಒಂದು ಲೇಖನ ಬರೆದು ಎಚ್ಚರಿಸಿದ್ದರು. ಬಾಹ್ಯಾಕಾಶ ಸಂಸ್ಥೆಗಳಂತೂ ಹಾಸಿಗೆಯನ್ನು ಪ್ರಯೋಗದ ಉಪಕರಣ ಮಾಡಿಕೊಂಡಿವೆ. ಜರ್ಮನಿಯ ಕಲೋನ್‌ನಲ್ಲಿ ಆರೋಗ್ಯವಂತರನ್ನು ತಲೆ ಭಾಗ 6 ಡಿಗ್ರಿ ಕೆಳಗೆ ಇರುವ ಮಂಚದಲ್ಲಿ 60 ದಿನ ಮಲಗಿಸಿ ನೋಡುತ್ತಾರೆ. ಯಾಕಂದ್ರೆ ಭೂಮಿಯ ಮೇಲೆ ತೂಕರಹಿತ ಸ್ಥಿತಿಯ ಪರಿಣಾಮ ನೋಡೋಕೆ ಅದಕ್ಕಿಂತ ಸುಲಭದ ದಾರಿ ಇಲ್ಲ. ಬಾಹ್ಯಾಕಾಶ ನಿಲ್ದಾಣದಲ್ಲಿರುವ ಗಗನಯಾತ್ರಿಗಳು ದಿನಕ್ಕೆ ಸುಮಾರು ಎರಡು ಗಂಟೆ ವ್ಯಾಯಾಮಕ್ಕೆ ಇಡುವುದೂ ಇದೇ ಕಾರಣಕ್ಕೆ. ನಮ್ಮಜ್ಜಿ ಹನ್ನೊಂದು ದಿನ ವ್ಯಾಯಾಮ ಇಲ್ಲದ ಗಗನಯಾತ್ರಿ ಆಗಿದ್ದರು ಅನ್ನಿ.

ಫ್ಯಾಕ್ಟರ್ ಆಫ್ ಸೇಫ್ಟಿ ಅನ್ನೋ ಲೆಕ್ಕ

ಹಾಗಾದರೆ ಡಲ್ಲಾಸ್‌ನ ಹುಡುಗರು ಎದ್ದು ನಡೆದರು, ಅಜ್ಜಿ ಯಾಕೆ ಏಳಲಿಲ್ಲ? ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ ಕ್ಲಾಸಿನಲ್ಲಿ ಫ್ಯಾಕ್ಟರ್ ಆಫ್ ಸೇಫ್ಟಿ ಓದಿದ್ದು ನೆನಪಿಸಿಕೊಳ್ಳಿ. ಒಂದು ಬೀಮ್ ಮುರಿಯುವ ಲೋಡ್‌ಗೂ, ಅದರ ಮೇಲೆ ನಿಜವಾಗಿ ಬೀಳುವ ಲೋಡ್‌ಗೂ ನಡುವೆ ಎಷ್ಟು ಅಂತರ ಇದೆ ಅನ್ನೋದು. ನಮ್ಮ ಸ್ನಾಯುಗಳಿಗೂ ಅದು ಅನ್ವಯವಾಗುತ್ತೆ.

ಲೆಕ್ಕಕ್ಕೆ ಸುಲಭ ಆಗಲಿ ಅಂತ ನಾವೇ ಕೆಲವು ಸಂಖ್ಯೆ ಇಟ್ಟುಕೊಳ್ಳೋಣ. ಕುರ್ಚಿಯಿಂದ ಕೈ ಊರದೆ ಏಳೋಕೆ ತೊಡೆಯಲ್ಲಿ 100 ಯೂನಿಟ್ ಬಲ ಬೇಕು ಅಂದುಕೊಳ್ಳಿ. ಇಪ್ಪತ್ತರ ಹುಡುಗನಲ್ಲಿ 300 ಇದೆ. ಎಪ್ಪತ್ತೈದರ ಅಜ್ಜಿಯಲ್ಲಿ 115 ಇದೆ. ಅಜ್ಜಿ ದಿನಾ ಎದ್ದು ಓಡಾಡುತ್ತಿದ್ದರು, ಹಾಗಾಗಿ ಅವರ ಹತ್ತಿರ ಉಳಿದಿರುವುದು ಬರೀ 15 ಅಂತ ಯಾರಿಗೂ ಗೊತ್ತಾಗುವುದಿಲ್ಲ. ಈಗ ಇಬ್ಬರಿಂದಲೂ 16% ತೆಗೆಯಿರಿ. ಹುಡುಗನದು 252, ಅವನಿಗೆ ಏನೂ ಗೊತ್ತಾಗಲ್ಲ. ಅಜ್ಜಿಯದು 97ಕ್ಕೂ ಕಡಿಮೆ. ಗೆರೆ ದಾಟಿಹೋಯಿತು, ಏಳೋಕಾಗಲ್ಲ. ನಷ್ಟದ ಪ್ರಮಾಣ ಒಂದೇ, ಪರಿಣಾಮ ಬೇರೆ ಬೇರೆ.

ಆ 16% ಅನ್ನೋದನ್ನು ಸುಮ್ಮನೆ ತೆಗೆದುಕೊಂಡದ್ದಲ್ಲ. 2007ರಲ್ಲಿ ಅಮೆರಿಕದಲ್ಲಿ ಅರವತ್ತು ದಾಟಿದ ಆರೋಗ್ಯವಂತ ಸ್ವಯಂಸೇವಕರನ್ನು 10 ದಿನ ಹಾಸಿಗೆಯಲ್ಲಿ ಇರಿಸಿ ನೋಡಿದರು. ಮೊಣಕಾಲು ಚಾಚುವ ಬಲ ಹತ್ತಿರ ಹತ್ತಿರ ಅಷ್ಟೇ ಕಡಿಮೆಯಾಗಿತ್ತು. ಕಾಲಿನ ಸ್ನಾಯು ಸುಮಾರು ಒಂದು ಕಿಲೋ ಕರಗಿಹೋಗಿತ್ತು. ಇವರಿಗೆ ಯಾವ ಕಾಯಿಲೆಯೂ ಇರಲಿಲ್ಲ, ಊಟವೂ ಸರಿಯಾಗಿ ಸಿಗುತ್ತಿತ್ತು. ಜ್ವರ, ಸೋಂಕು, ಊಟ ಸೇರದಿರುವುದು, ಟೆಸ್ಟ್‌ಗಾಗಿ ಉಪವಾಸ ಇವೆಲ್ಲ ಸೇರಿದರೆ ನಷ್ಟ ಇನ್ನೂ ಜಾಸ್ತಿ.

ಆಸ್ಪತ್ರೆಯಲ್ಲಿ ನಿಜವಾಗಿ ಎಷ್ಟು ಹೊತ್ತು ಮಲಗಿರುತ್ತಾರೆ? ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಯೊಂದರಲ್ಲಿ 65 ದಾಟಿದ 45 ರೋಗಿಗಳಿಗೆ ನಮ್ಮ ಫೋನಿನಲ್ಲಿರುವಂಥ ಆಕ್ಸೆಲೆರೋಮೀಟರ್ ಕಟ್ಟಿ ಅಳೆದರು. ಅವರೆಲ್ಲ ಸೇರುವ ಮುಂಚೆ ನಡೆದಾಡುತ್ತಿದ್ದವರೇ. 2009ರಲ್ಲಿ ಬಂದ ಫಲಿತಾಂಶ: 83% ಸಮಯ ಮಲಗಿದ್ದರು. ನಿಂತದ್ದು ಮತ್ತು ನಡೆದದ್ದು ಒಟ್ಟು ಸೇರಿ ದಿನಕ್ಕೆ ಮುಕ್ಕಾಲು ಗಂಟೆಗಿಂತಲೂ ಕಡಿಮೆ.

ಮೈಯೊಳಗೆ ಏನಾಗುತ್ತೆ?

ಸ್ನಾಯು ಅನ್ನೋದು ಒಂದು ಸಲ ಕಟ್ಟಿ ಬಿಟ್ಟ ಗೋಡೆ ಅಲ್ಲ. ದಿನಾ ಸ್ವಲ್ಪ ಪ್ರೋಟೀನ್ ಒಡೆಯುತ್ತೆ, ದಿನಾ ಸ್ವಲ್ಪ ಹೊಸದು ಕಟ್ಟುತ್ತೆ. ಹೊಸದು ಕಟ್ಟಬೇಕು ಅನ್ನೋ ಸಿಗ್ನಲ್ ಮುಖ್ಯವಾಗಿ ಎರಡು ಕಡೆಯಿಂದ ಬರುತ್ತೆ: ಒಂದು ಕೆಲಸದ ಭಾರ, ಇನ್ನೊಂದು ಊಟದ ಪ್ರೋಟೀನ್. ಮಲಗಿದರೆ ಮೊದಲನೆಯದು ನಿಂತುಹೋಗುತ್ತೆ, ಬಾಯಿ ರುಚಿ ಕೆಟ್ಟರೆ ಎರಡನೆಯದೂ. ಅದೇ ಹೊತ್ತಿಗೆ ಸೋಂಕಿನ ಉರಿಯೂತ ಒಡೆಯುವ ಕೆಲಸವನ್ನು ಜೋರು ಮಾಡುತ್ತೆ. ಆದಾಯ ನಿಂತು ಖರ್ಚು ಏರಿದ ಹಾಗೆ. "ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು" ಅನ್ನೋ ಗಾದೆ ಸ್ನಾಯುವಿಗೆ ಸರಿಯಾಗಿ ಹೊಂದುತ್ತೆ.

ಎರಡನೆಯದು ರಕ್ತದ ಕಥೆ. ನಾವು ಎದ್ದು ನಿಂತಾಗ ಅರ್ಧ ಲೀಟರ್ ಮೇಲೆ ರಕ್ತ ಕಾಲು ಮತ್ತು ಹೊಟ್ಟೆಯ ಕಡೆಗೆ ಇಳಿಯುತ್ತೆ. ತಕ್ಷಣ ರಕ್ತನಾಳಗಳು ಬಿಗಿದು, ಹೃದಯ ಜೋರಾಗಿ ಬಡಿದು ಮೆದುಳಿಗೆ ರಕ್ತ ಕಡಿಮೆ ಆಗದ ಹಾಗೆ ನೋಡಿಕೊಳ್ಳುತ್ತವೆ. ಇದೊಂದು ಕಂಟ್ರೋಲ್ ಸಿಸ್ಟಮ್. ದಿನಗಟ್ಟಲೆ ಮಲಗಿದರೆ ಈ ಸಿಸ್ಟಮ್ ಮಂಕಾಗುತ್ತೆ. ಅದರ ಜೊತೆಗೆ, ಮಲಗಿದಾಗ ರಕ್ತ ಎದೆಯ ಕಡೆ ಹೆಚ್ಚು ಸೇರುವುದರಿಂದ "ದ್ರವ ಜಾಸ್ತಿಯಾಗಿದೆ" ಅಂತ ದೇಹ ತಪ್ಪು ತಿಳಿದು ಮೂತ್ರದಲ್ಲಿ ಹೊರಹಾಕುತ್ತೆ. ಕೊನೆಗೆ ಎದ್ದು ನಿಂತ ದಿನ ಬಿಪಿ ಬಿದ್ದು ತಲೆ ತಿರುಗುತ್ತೆ.

ಇಲ್ಲಿಂದ ಒಂದು ಕೆಟ್ಟ ಫೀಡ್‌ಬ್ಯಾಕ್ ಲೂಪ್ ಶುರು. ತಲೆ ತಿರುಗಿದ್ದಕ್ಕೆ ಬೀಳುವ ಭಯ. ಭಯಕ್ಕೆ ಮತ್ತೆ ಮಲಗುವುದು. ಮಲಗಿದ್ದಕ್ಕೆ ಇನ್ನಷ್ಟು ನಿಶ್ಶಕ್ತಿ. ಮನೆಯವರು ನಿಶ್ಶಕ್ತಿ ನೋಡಿ "ಏಳಬೇಡಿ, ರೆಸ್ಟ್ ತಗೊಳ್ಳಿ" ಅನ್ನೋದು. ಲೂಪಿನ ಒಂದೊಂದು ಹೆಜ್ಜೆಯೂ ಪ್ರೀತಿಯಿಂದಲೇ ನಡೆಯುತ್ತೆ. ಅದೇ ಇದರ ಕಷ್ಟ. ನಾವೂ ಅದನ್ನೇ ಮಾಡಿದೆವು. ಐದನೇ ದಿನ ಅಜ್ಜಿ ಕಾಲು ಕೆಳಗೆ ಬಿಟ್ಟು "ಸ್ವಲ್ಪ ಓಡಾಡ್ತೀನಿ ಕಣೋ" ಅಂದಾಗ "ಸುಮ್ನೆ ಮಲ್ಕೋ ಅಜ್ಜಿ" ಅಂತ ಕಾಲೆತ್ತಿ ಮಂಚದ ಮೇಲೆ ಇಟ್ಟವರು ನಾವೇ.

ತಲೆಗೆ ಏನಾಯ್ತು?

ರಾತ್ರಿ "ಯಾರಪ್ಪ ನೀನು" ಅಂತ ಕೇಳಿದ್ದಕ್ಕೆ ಸರಿಯಾದ ಹೆಸರು ಅರಳು ಮರಳು ಅಲ್ಲ. ಅದಕ್ಕೆ ಡೆಲಿರಿಯಮ್ ಅನ್ನುತ್ತಾರೆ. ಮರೆವಿನ ಕಾಯಿಲೆಗೂ ಇದಕ್ಕೂ ಇರುವ ವ್ಯತ್ಯಾಸ ಎಲ್ಲರಿಗೂ ಗೊತ್ತಿರಬೇಕು. ಮರೆವಿನ ಕಾಯಿಲೆ ತಿಂಗಳು, ವರ್ಷಗಳಲ್ಲಿ ನಿಧಾನವಾಗಿ ಬರುತ್ತೆ. ಡೆಲಿರಿಯಮ್ ಗಂಟೆಗಳಲ್ಲಿ ಅಥವಾ ಒಂದೆರಡು ದಿನಗಳಲ್ಲಿ ಬರುತ್ತೆ. ಒಂದೇ ದಿನದಲ್ಲಿ ಏರಿಳಿಯುತ್ತೆ, ಬೆಳಗ್ಗೆ ಸರಿ ಇದ್ದವರು ಸಂಜೆ ಗಲಿಬಿಲಿ ಆಗಬಹುದು. ಮುಖ್ಯವಾಗಿ ಗಮನ ನಿಲ್ಲುವುದಿಲ್ಲ. ವಾರದ ದಿನಗಳನ್ನು ಹಿಂದಿನಿಂದ ಹೇಳಿ ಅಂದರೆ ಶನಿವಾರ, ಶುಕ್ರವಾರ ಅಂತ ಶುರು ಮಾಡಿ ದಾರಿ ತಪ್ಪಿಬಿಡುತ್ತಾರೆ.

ಇದರಲ್ಲಿ ಎರಡು ಬಗೆ. ಒಂದರಲ್ಲಿ ಕೂಗಾಡುತ್ತಾರೆ, ಡ್ರಿಪ್ ಕಿತ್ತುಹಾಕುತ್ತಾರೆ, ಇಲ್ಲದ್ದು ಕಾಣುತ್ತೆ ಅನ್ನುತ್ತಾರೆ. ಅದು ಎಲ್ಲರ ಕಣ್ಣಿಗೂ ಬೀಳುತ್ತೆ. ಇನ್ನೊಂದರಲ್ಲಿ ಸುಮ್ಮನೆ ಮಂಕಾಗಿ ಮಲಗಿರುತ್ತಾರೆ, ಕರೆದರೆ ಮಾತ್ರ ಕಣ್ಣು ಬಿಡುತ್ತಾರೆ. ಇದನ್ನು ನೋಡಿ "ಪಾಪ, ಸುಸ್ತು, ನಿದ್ದೆ ಮಾಡ್ಲಿ" ಅಂತ ನಾವು ಸಮಾಧಾನ ಪಡುತ್ತೇವೆ. ವಯಸ್ಸಾದವರಲ್ಲಿ ಈ ಎರಡನೇ ಬಗೆ ತುಂಬಾ ಸಾಮಾನ್ಯ, ಮತ್ತು ಹೆಚ್ಚು ತಪ್ಪಿಹೋಗುವುದೂ ಇದೇ.

ಯಾಕೆ ಬರುತ್ತೆ? ಸೋಂಕು, ನೀರು ಕಡಿಮೆಯಾಗುವುದು, ನೋವು, ಮಲಬದ್ಧತೆ, ಕೆಲವು ನಿದ್ದೆ ಮಾತ್ರೆಗಳು, ಹಳೇ ಬಗೆಯ ಕೆಲವು ಅಲರ್ಜಿ ಮಾತ್ರೆಗಳು ಹೀಗೆ ಕಾರಣ ಹಲವು. ಅದರ ಮೇಲೆ ವಾರ್ಡಿನ ವಾತಾವರಣ. ರಾತ್ರಿಯೂ ಲೈಟು, ಮೆಷಿನ್‌ಗಳ ಬೀಪ್, ಎರಡು ಗಂಟೆಗೊಮ್ಮೆ ಬಿಪಿ ನೋಡಲು ಎಬ್ಬಿಸುವುದು. ಕಿಟಕಿ ಇಲ್ಲದ ಕಡೆ ಹಗಲು ಯಾವುದು, ರಾತ್ರಿ ಯಾವುದು ಅಂತಲೇ ತಿಳಿಯಲ್ಲ. ನಮ್ಮ ಮನೆಯವರು ಇನ್ನೊಂದು ತಪ್ಪು ಮಾಡಿದ್ದರು. ಒಡೆದುಹೋಗುತ್ತೆ ಅಂತ ಅಜ್ಜಿಯ ಕನ್ನಡಕವನ್ನು ಬ್ಯಾಗಿನಲ್ಲಿ ಇಟ್ಟುಬಿಟ್ಟಿದ್ದರು. ಯೋಚಿಸಿ ನೋಡಿ, ಸೆನ್ಸರ್ ಕಿತ್ತುಹಾಕಿ ಆಮೇಲೆ ಔಟ್‌ಪುಟ್ ತಪ್ಪು ಬರ್ತಿದೆ ಅಂತ ಪ್ರೊಸೆಸರ್‌ನ ಬೈದ ಹಾಗಾಯಿತು.

ಡೆಲಿರಿಯಮ್ ಹೆಚ್ಚು ಕಾಣುವುದು ಐಸಿಯುನಲ್ಲಿ. ಅಮೆರಿಕದ ನ್ಯಾಶ್‌ವಿಲ್‌ನ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ತಂಡ ತೀವ್ರ ಕಾಯಿಲೆಯ 821 ರೋಗಿಗಳನ್ನು ಅಧ್ಯಯನ ಮಾಡಿ 2013ರಲ್ಲಿ ಪ್ರಕಟಿಸಿತು. ಅವರಲ್ಲಿ 74% ಮಂದಿಗೆ ಆಸ್ಪತ್ರೆಯಲ್ಲಿ ಡೆಲಿರಿಯಮ್ ಬಂದಿತ್ತು. ಬದುಕುಳಿದವರನ್ನು ಒಂದು ವರ್ಷದ ನಂತರ ಪರೀಕ್ಷೆ ಮಾಡಿದಾಗ 34% ಮಂದಿಯ ಅಂಕಗಳು ತಲೆಗೆ ಮಧ್ಯಮ ಪ್ರಮಾಣದ ಪೆಟ್ಟು ಬಿದ್ದವರ ಮಟ್ಟದಲ್ಲಿದ್ದವು. 24% ಮಂದಿಯದು ಆರಂಭದ ಆಲ್‌ಝೈಮರ್ ಇರುವವರ ಮಟ್ಟದಲ್ಲಿತ್ತು. ಚಿಕ್ಕ ವಯಸ್ಸಿನವರೂ ಇದರಲ್ಲಿದ್ದರು. ಡೆಲಿರಿಯಮ್ ಹೆಚ್ಚು ದಿನ ಇದ್ದಷ್ಟೂ ಆಮೇಲಿನ ಅಂಕ ಕಡಿಮೆ.

ಐಸಿಯುನಲ್ಲಿ ಸ್ನಾಯುವಿನ ಕಥೆಯೂ ಇಷ್ಟೇ ಗಂಭೀರ. ಲಂಡನ್ನಿನಲ್ಲಿ 63 ರೋಗಿಗಳ ತೊಡೆಯ ಮುಂಭಾಗದ ಸ್ನಾಯುವನ್ನು ಅಲ್ಟ್ರಾಸೌಂಡ್‌ನಲ್ಲಿ ಅಳೆದಾಗ ಹತ್ತು ದಿನದಲ್ಲಿ ಅದರ ಅಡ್ಡಕೊಯ್ತದ ವಿಸ್ತೀರ್ಣ ಸುಮಾರು 18% ಇಳಿದಿತ್ತು. ದೇಹ, ಬುದ್ಧಿ, ಮನಸ್ಸು ಮೂರರಲ್ಲೂ ಉಳಿಯುವ ಈ ತೊಂದರೆಗಳನ್ನು ಒಟ್ಟಿಗೆ ಒಂದೇ ಹೆಸರಿನಲ್ಲಿ ಗುರುತಿಸಬೇಕು ಅಂತ 2010ರಲ್ಲಿ ಅಮೆರಿಕದ ಐಸಿಯು ತಜ್ಞರ ಸಭೆಯೊಂದು ತೀರ್ಮಾನಿಸಿತು. ಐಸಿಯು ನಂತರದ ಸಿಂಡ್ರೋಮ್ ಅನ್ನೋ ಹೆಸರು ಬಂದದ್ದು ಆಗ. ನೋಡಿಕೊಂಡ ಮನೆಯವರಿಗೂ ಆತಂಕ, ಖಿನ್ನತೆ ಬರಬಹುದು ಅನ್ನೋದನ್ನೂ ಅವರು ಅದರಲ್ಲಿ ಸೇರಿಸಿದರು.

ತಡೆಯೋಕೆ ಆಗುತ್ತಾ?

ಆಗುತ್ತೆ. ಪೂರ್ತಿ ಅಲ್ಲ, ಆದರೆ ಸಾಕಷ್ಟು. ಇಲ್ಲಿ ನಮಗೆ ತುಂಬಾ ಇಷ್ಟವಾದದ್ದು ಯೇಲ್‌ನಲ್ಲಿ ಶ್ಯಾರನ್ ಇನೋಯ್ ಎಂಬ ವೈದ್ಯೆ ಶುರು ಮಾಡಿದ ಒಂದು ಕಾರ್ಯಕ್ರಮ. ಅದರಲ್ಲಿ ಹೊಸ ಔಷಧಿ ಇಲ್ಲ, ದುಬಾರಿ ಮೆಷಿನ್ ಇಲ್ಲ. ತರಬೇತಿ ಪಡೆದ ಸ್ವಯಂಸೇವಕರು ಬಂದು ರೋಗಿಯ ಜೊತೆ ಮಾತಾಡುತ್ತಾರೆ, ಇವತ್ತು ಯಾವ ದಿನ ಅಂತ ಹೇಳುತ್ತಾರೆ, ನಡೆಸುತ್ತಾರೆ, ಕನ್ನಡಕ ಮತ್ತು ಕಿವಿಯ ಮೆಷಿನ್ ಹಾಕಿಸುತ್ತಾರೆ, ನೀರು ಕುಡಿಸುತ್ತಾರೆ. ರಾತ್ರಿ ನಿದ್ದೆ ಮಾತ್ರೆ ಬದಲು ಬಿಸಿ ಹಾಲು, ಬೆನ್ನು ನೀವುವುದು, ಮೆಲ್ಲನೆ ಸಂಗೀತ. 70 ದಾಟಿದ 852 ರೋಗಿಗಳ ಮೇಲೆ ಮಾಡಿದ ಅಧ್ಯಯನ 1999ರಲ್ಲಿ ಬಂತು. ಮಾಮೂಲಿ ಆರೈಕೆ ಸಿಕ್ಕವರಲ್ಲಿ 15% ಮಂದಿಗೆ ಡೆಲಿರಿಯಮ್ ಬಂದರೆ, ಇವರಲ್ಲಿ 9.9% ಮಂದಿಗೆ ಮಾತ್ರ.

ಅದೇ ಅಧ್ಯಯನದಲ್ಲಿ ಇನ್ನೊಂದು ಮಾತಿದೆ, ಅದನ್ನು ಮರೆಯಬಾರದು. ಡೆಲಿರಿಯಮ್ ಒಮ್ಮೆ ಬಂದ ಮೇಲೆ ಈ ಉಪಾಯಗಳಿಂದ ಅದರ ತೀವ್ರತೆ ಅಷ್ಟಾಗಿ ಕಡಿಮೆಯಾಗಲಿಲ್ಲ. ಅಂದರೆ ಮೊದಲ ದಿನದಿಂದಲೇ ಶುರು ಮಾಡಬೇಕು.

ಐಸಿಯುನಲ್ಲೂ ಇಂಥದ್ದೇ ಫಲ ಸಿಕ್ಕಿದೆ. ಷಿಕಾಗೋ ಮತ್ತು ಅಯೋವಾದಲ್ಲಿ ವೆಂಟಿಲೇಟರ್ ಮೇಲಿದ್ದ 104 ರೋಗಿಗಳಲ್ಲಿ ಅರ್ಧದಷ್ಟು ಜನರಿಗೆ ಆರಂಭದ ದಿನಗಳಲ್ಲೇ ಥೆರಪಿಸ್ಟ್‌ಗಳು ಬಂದು ಕೈಕಾಲು ಆಡಿಸಿ, ಕೂರಿಸಿ, ಸಾಧ್ಯವಾದಾಗ ನಿಲ್ಲಿಸಿದರು. 2009ರ ಫಲಿತಾಂಶದ ಪ್ರಕಾರ ಅವರಲ್ಲಿ 59% ಮಂದಿ ಡಿಸ್ಚಾರ್ಜ್ ಆಗುವಾಗ ಸ್ವತಂತ್ರವಾಗಿ ದಿನನಿತ್ಯದ ಕೆಲಸ ಮಾಡಿಕೊಳ್ಳುತ್ತಿದ್ದರು. ಮಾಮೂಲಿ ಆರೈಕೆಯಲ್ಲಿದ್ದವರಲ್ಲಿ ಇದು 35%.

ಪಕ್ಕದಲ್ಲಿ ಕೂತ ನಾವು ಮಾಡಬಹುದಾದದ್ದು

ಅಲ್ಲಿ ಸ್ವಯಂಸೇವಕರನ್ನು ಹುಡುಕಿ ತರಬೇತಿ ಕೊಡಬೇಕು. ನಮ್ಮಲ್ಲಿ ಪ್ರತಿ ಬೆಡ್ ಪಕ್ಕ ಒಬ್ಬ ಮನೆಯವರು ಆಗಲೇ ಕೂತಿರುತ್ತಾರೆ, ಫೋನ್ ನೋಡುತ್ತಾ. ಆ ಸೀಟಿನಲ್ಲಿ ಕೂತಾಗ ಮಾಡಬಹುದಾದ ಕೆಲಸಗಳು ಇವು.

1. ಮೊದಲ ದಿನವೇ ಡಾಕ್ಟರನ್ನು ಕೇಳಿ: "ಇವರು ಎದ್ದು ಕೂರಬಹುದಾ? ನಡೆಯಬಹುದಾ? ದಿನಕ್ಕೆ ಎಷ್ಟು ಸಲ?" ಮೂಳೆ ಮುರಿತ, ಬೆನ್ನುಹುರಿ ಪೆಟ್ಟು, ಕೆಲವು ಹೃದಯದ ತೊಂದರೆಗಳಲ್ಲಿ ಮಲಗಿರಲೇಬೇಕು. ಅದಕ್ಕೇ ಕೇಳದೆ ಏನೂ ಮಾಡಬೇಡಿ. ಆದರೆ ಕೇಳದೆ ಮಲಗಿಸಿಯೂ ಇಡಬೇಡಿ.

2. ಏಳಿಸುವಾಗ ಆತುರ ಬೇಡ. ಮೊದಲು ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂರಿಸಿ. ತಲೆ ತಿರುಗುತ್ತಾ ಕೇಳಿ. ಆಮೇಲೆ ಹಿಡಿದುಕೊಂಡು ನಿಲ್ಲಿಸಿ. ಮೊದಲ ಸಲ ನರ್ಸ್ ಅಥವಾ ಫಿಸಿಯೋಥೆರಪಿಸ್ಟ್ ಜೊತೆಗಿರಲಿ. ಜಾರುವ ಚಪ್ಪಲಿ ಬೇಡ.

3. ಊಟಕ್ಕೆ ಮಂಚದಿಂದ ಕುರ್ಚಿಗೆ ಬರಲಿ. ದಿನಕ್ಕೆ ಮೂರು ಸಲ ಎದ್ದ ಹಾಗಾಯಿತು.

4. ಕನ್ನಡಕ, ಕಿವಿಯ ಮೆಷಿನ್, ಹಲ್ಲಿನ ಸೆಟ್ ಕೈಗೆ ಸಿಗುವ ಹಾಗೆ ಇರಲಿ. ಹಲ್ಲಿನ ಸೆಟ್ ಇಲ್ಲದೆ ಊಟ ಸೇರುವುದಿಲ್ಲ.

5. ಎದುರಿಗೆ ಕಾಣುವ ಹಾಗೆ ಗಡಿಯಾರ ಮತ್ತು ಕ್ಯಾಲೆಂಡರ್ ಇಡಿ. "ಇವತ್ತು ಗುರುವಾರ ಅಜ್ಜಿ, ಬೆಳಗ್ಗೆ ಒಂಬತ್ತು ಗಂಟೆ, ಆಸ್ಪತ್ರೆಯಲ್ಲಿದ್ದೀವಿ" ಅಂತ ಮಾತಿನ ನಡುವೆ ಹೇಳುತ್ತಿರಿ. ಹಗಲು ಕಿಟಕಿ ಪರದೆ ತೆಗೆಯಿರಿ, ರಾತ್ರಿ ಲೈಟ್ ಮತ್ತು ಫೋನಿನ ಸದ್ದು ಕಡಿಮೆ ಮಾಡಿ.

6. ಮೂತ್ರದ ಪೈಪ್ ಹಾಕಿದ್ದರೆ "ಇದು ಇವತ್ತೂ ಬೇಕಾ?" ಅಂತ ದಿನಾ ಮರ್ಯಾದೆಯಿಂದ ಕೇಳಿ. ಅದು ಇರುವಷ್ಟು ದಿನ ರೋಗಿಯನ್ನು ಮಂಚಕ್ಕೆ ಕಟ್ಟಿದ ಹಾಗೆಯೇ, ಸೋಂಕಿನ ಭಯ ಬೇರೆ.

7. ತಿಳಿ ಗಂಜಿಯಲ್ಲಿ ಹೆಚ್ಚಾಗಿ ನೀರು ಮತ್ತು ಪಿಷ್ಟ ಇರುತ್ತೆ. ಡಾಕ್ಟರ್ ಒಪ್ಪಿದರೆ ಬೇಳೆ, ಮೊಸರು, ಹಾಲು, ಮೊಟ್ಟೆ ಸೇರಿಸಿ. ಕಿಡ್ನಿ ತೊಂದರೆ ಇರುವವರು ಇದನ್ನು ಕೇಳಿಯೇ ಮಾಡಬೇಕು.

8. ಗಲಿಬಿಲಿ ಅಥವಾ ಹೊಸ ಮಂಕುತನ ಕಂಡರೆ ನಗಬೇಡಿ, ಮುಚ್ಚಿಡಬೇಡಿ. "ನಿನ್ನೆ ಹೀಗಿರಲಿಲ್ಲ" ಅಂತ ನರ್ಸ್‌ಗೆ ಹೇಳಿ. ರೋಗಿ ನಿನ್ನೆ ಹೇಗಿದ್ದರು ಅಂತ ಡ್ಯೂಟಿ ಡಾಕ್ಟರಿಗಿಂತ ನಮಗೇ ಚೆನ್ನಾಗಿ ಗೊತ್ತಿರೋದು. ಆ ಒಂದು ವಾಕ್ಯ ಅವರಿಗೆ ದೊಡ್ಡ ಸುಳಿವು.

ಮನೆಗೆ ಬಂದ ಮೇಲೂ ಇದು ಮುಗಿಯುವುದಿಲ್ಲ. ಡಿಸ್ಚಾರ್ಜ್ ದಿನ ಮಾತ್ರೆಗಳ ಪಟ್ಟಿ ಕೇಳುವ ಹಾಗೆಯೇ ವ್ಯಾಯಾಮದ ಪಟ್ಟಿಯನ್ನೂ ಕೇಳಿ. ಕುರ್ಚಿಯಿಂದ ಎದ್ದು ಕೂರುವುದೇ ಒಳ್ಳೇ ವ್ಯಾಯಾಮ, ದಿನಾ ಎಣಿಕೆ ಒಂದೊಂದು ಹೆಚ್ಚಿಸಬಹುದು. ಹಿರಿಯರ ಆರೈಕೆಗೆ ಅಂತ ಕೇಂದ್ರ ಸರ್ಕಾರದ ಒಂದು ರಾಷ್ಟ್ರೀಯ ಕಾರ್ಯಕ್ರಮ 2010-11ರಿಂದ ಇದೆ. ಜಿಲ್ಲಾ ಆಸ್ಪತ್ರೆಗಳಲ್ಲಿ ವೃದ್ಧರಿಗೆ ಪ್ರತ್ಯೇಕ ವಾರ್ಡ್, ಫಿಸಿಯೋಥೆರಪಿ ಒದಗಿಸುವುದು ಅದರ ಉದ್ದೇಶಗಳಲ್ಲಿ ಒಂದು. ನಿಮ್ಮ ಜಿಲ್ಲಾ ಆಸ್ಪತ್ರೆಯಲ್ಲಿ ಒಂದು ಸಲ ವಿಚಾರಿಸಿ. ಕೆಲವು ವಾರ ಕಳೆದರೂ ಗೊಂದಲ ಹೋಗದಿದ್ದರೆ "ವಯಸ್ಸು" ಅಂತ ಬಿಡದೆ ಡಾಕ್ಟರಿಗೆ ತೋರಿಸಿ.

ನಾವು ಕಲಿತದ್ದು

ರೆಸ್ಟ್ ಕೆಟ್ಟದ್ದು ಅಂತ ನಾವು ಹೇಳುತ್ತಿಲ್ಲ. ಜ್ವರದಲ್ಲಿ ಮೈಗೆ ವಿಶ್ರಾಂತಿ ಬೇಕೇ ಬೇಕು. ಆದರೆ ರೆಸ್ಟ್ ಕೂಡ ಒಂದು ಔಷಧಿ. ಅದಕ್ಕೂ ಡೋಸ್ ಇದೆ, ಸೈಡ್ ಎಫೆಕ್ಟ್ ಇದೆ. ಬೇರೆ ಮಾತ್ರೆಗಳನ್ನು ಚೀಟಿ ನೋಡಿ ಎಣಿಸಿ ಕೊಡುವ ನಾವು ಇದೊಂದನ್ನು ಮಾತ್ರ ಲೆಕ್ಕ ಇಲ್ಲದೆ ಕೊಡುತ್ತೇವೆ.

ಅಜ್ಜಿಯ ವಿಷಯ ಹೇಳಿ ಮುಗಿಸುತ್ತೇವೆ. ರಾತ್ರಿಯ ಗೊಂದಲ ಮೂರನೇ ವಾರಕ್ಕೆ ಹೋಯಿತು. ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟ ಹಾಗೆ ದಿನಾ ಕುರ್ಚಿಯಿಂದ ಎದ್ದು ಕೂತು, ಮೊದಲು ಹಾಲ್‌ನಲ್ಲಿ, ಆಮೇಲೆ ಗೇಟಿನವರೆಗೆ ನಡೆದರು. ಎರಡೂವರೆ ತಿಂಗಳಿಗೆ ಕೋಲು ಹಿಡಿದು ಒಬ್ಬರೇ ಬಚ್ಚಲಿಗೆ ಹೋಗುವ ಹಾಗಾದರು. ಬೆಳಗ್ಗೆ ರಂಗೋಲಿ ಈಗ ಕುಕ್ಕರಗಾಲಲ್ಲಿ ಕೂತು ಬಿಡೋಕಾಗಲ್ಲ, ಸ್ಟೂಲ್ ಹಾಕಿಕೊಂಡು ಚಿಕ್ಕದಾಗಿ ಬಿಡುತ್ತಾರೆ. ದೇವಸ್ಥಾನಕ್ಕೆ ಒಬ್ಬರೇ ಹೋಗುವುದು ನಿಂತಿದೆ, ಯಾರಾದರೂ ಜೊತೆಗೆ ಬೇಕು. ರಜಕ್ಕೆ ಊರಿಗೆ ಹೋದಾಗ ಆ ಕೆಲಸ ನಮ್ಮದು. ದಾರಿಯಲ್ಲಿ ಸುಸ್ತಾದರೆ ಅಜ್ಜಿ ಕಟ್ಟೆ ಮೇಲೆ ಕೂರುತ್ತಾರೆ. ಸ್ವಲ್ಪ ಹೊತ್ತು ಬಿಟ್ಟು ನಾವೇ ಹೇಳುತ್ತೇವೆ, "ಏಳು ಅಜ್ಜಿ, ಹೋಗೋಣ."